ಫೋಲ್ಡರಿನ ವಯಸ್ಸು: ಮೇಕ್‌ಫೈಲ್ ಕುರಿತ ಒಂದು ಅಭ್ಯಾಸ ಪಾಠ

ದೊಡ್ಡನೆಕ್ಕುಂದಿಯ ಕಾಲೇಜೊಂದರಲ್ಲಿ ದ್ವಿತೀಯ ಪಿಯು ವಿದ್ಯಾರ್ಥಿಗಳಿಗೆ ಮೇಕ್‌ಫೈಲ್ ಪಾಠ ಮಾಡಿದೆ. ಪಠ್ಯದಲ್ಲಿಲ್ಲ, ಅವರ ಸಿ++ ಪ್ರಾಜೆಕ್ಟಿಗೆ ಬೇಕಿತ್ತು. ಸೋರ್ಸ್ ಕಡತಗಳು ಒಂದು ಫೋಲ್ಡರಿನಲ್ಲಿ, ಆಬ್ಜೆಕ್ಟ್ ಕಡತಗಳು ಇನ್ನೊಂದರಲ್ಲಿ ಇದ್ದರೆ, ಎರಡನೆಯದನ್ನು ಯಾವಾಗ ಬೇಕಾದರೂ ಅಳಿಸಬಹುದು. ಕೋಲನ್ನಿನ ಎಡಕ್ಕೆ ಗುರಿ, ಬಲಕ್ಕೆ ಅದಕ್ಕೆ ಬೇಕಾದ ಕಡತ, ಎರಡೂ ಕಡೆ % ಇದ್ದಲ್ಲಿ ಒಂದೇ ಹೆಸರು: ಇಷ್ಟು ಬೇಗ ತಿಳಿಯಿತು.

ಆಬ್ಜೆಕ್ಟ್ ಫೋಲ್ಡರ್ ಇಲ್ಲದಿದ್ದರೆ ಕಂಪೈಲರ್ ತಾನಾಗಿ ಮಾಡಿಕೊಳ್ಳುವುದಿಲ್ಲ. ಹಾಗಾಗಿ ಫೋಲ್ಡರನ್ನೂ ಕೋಲನ್ನಿನ ಬಲಕ್ಕೆ ಸೇರಿಸಿದೆ. ಪಾಠಯೋಜನೆಯಲ್ಲಿ ಮೇಕನ್ನು ಒಮ್ಮೆ ಓಡಿಸುವುದಷ್ಟೇ ಇತ್ತು. ಯಾರೋ ಎರಡನೇ ಸಲ ಓಡಿಸಿದರು. ಏನೂ ಬದಲಾಯಿಸದಿದ್ದರೂ ಮೂರರಲ್ಲಿ ಮೊದಲ ಎರಡು ಕಡತ ಮತ್ತೆ ಕಂಪೈಲ್ ಆದವು. "ಯಾಕೆ ಮಿಸ್?" ನನಗೆ ಗೊತ್ತಿರಲಿಲ್ಲ, ಹಾಗೆಂದೇ ಹೇಳಿ ಮರುದಿನಕ್ಕೆ ಉಳಿಸಿದೆ.

ಮರುದಿನ ಫೋಲ್ಡರ್ ಮತ್ತು ಕಡತಗಳ ಸಮಯವನ್ನು ಅವರಿಂದಲೇ ಓದಿಸಿದೆ. ಒಳಗೆ ಹೊಸ ಕಡತ ಸೇರಿದಾಗ ಫೋಲ್ಡರಿನ ಸಮಯವೂ ಬದಲಾಗುತ್ತದೆ. ಮೂರನೆಯದು ಸೇರಿದಾಗ ಫೋಲ್ಡರ್ ಮೊದಲೆರಡಕ್ಕಿಂತ ಹೊಸದಾಗಿತ್ತು. ಮೇಕ್ ನೋಡುವುದೇ ಸಮಯವನ್ನು. ಗ್ನೂ ಮೇಕ್‌ನಲ್ಲಿ ಫೋಲ್ಡರ್ ಹೆಸರಿಗೆ ಮುಂಚೆ | ಗೆರೆ ಹಾಕಿದರೆ 'ಇದು ಇದ್ದರೆ ಸಾಕು, ವಯಸ್ಸು ನೋಡಬೇಡ' ಎಂದರ್ಥ. ಪ್ರಶ್ನೆ ಕೇಳಿದವಳೇ ಗೆರೆ ಹಾಕಿ, ಎರಡು ಸಲ ಓಡಿಸಿದಳು. ಎರಡನೇ ಸಲ ಒಂದೂ ಕಂಪೈಲ್ ಆಗಲಿಲ್ಲ.