ಗೋಡೆ ಮೇಲಿನ ಫೋಟೊ ಏನ್ ಹೇಳುತ್ತೆ? ನಮ್ಮ ಮೂರು ತಾಲ್ಲೂಕಿನ ಚಿತ್ರಗಳನ್ನು ಓದುವ ಬಗೆ

ಕೊಳ್ಳೇಗಾಲ: ಪೇಟೆಯ ಯಾವ ಅಂಗಡಿಗೆ ಬೇಕಾದರೂ ಹೋಗಿ ನೋಡಿ. ಗಲ್ಲಾ ಪೆಟ್ಟಿಗೆಯ ಮೇಲ್ಗಡೆ ಹುಲಿ ಮೇಲೆ ಕೂತ ಮಾದಪ್ಪನ ಪಟ. ಪಕ್ಕದಲ್ಲಿ ಅಂಗಡಿ ಶುರು ಮಾಡಿದ ಹಿರಿಯರ ಫೋಟೊ, ಅದಕ್ಕೊಂದು ಪ್ಲಾಸ್ಟಿಕ್ ಹಾರ, ಮಿಣುಕು ಬಲ್ಬು. ಇನ್ನೊಂದು ಗೋಡೆಗೆ ಭರಚುಕ್ಕಿ ಜಲಪಾತದ ಕ್ಯಾಲೆಂಡರ್. ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚಿ ಕೈ ಮುಗೀತೀವಿ. ಆದರೆ ಆ ಫೋಟೊಗಳನ್ನ ನಿಂತು ಸರಿಯಾಗಿ ನೋಡಿ ಎಷ್ಟು ವರ್ಷ ಆಯ್ತು?

ಸಿನಿಮಾಕ್ಕೆ, ಪುಸ್ತಕಕ್ಕೆ ವಿಮರ್ಶಕರು ಇರುವಂತೆ ಫೋಟೊಗೂ ಇದ್ದಾರೆ. ವಿಮರ್ಶೆ ಅಂದ್ರೆ ತಪ್ಪು ಹುಡುಕೋದು ಅಂತ ನಾವು ತಿಳಿದಿದ್ದೀವಿ. ಅದಲ್ಲ. ಫೋಟೊ ವಿಮರ್ಶಕ ಮುಖ್ಯವಾಗಿ ಮೂರು ಪ್ರಶ್ನೆ ಕೇಳ್ತಾನೆ. ಇದರಲ್ಲಿ ಏನು ಕಾಣ್ತಿದೆ? ಅದರ ಅರ್ಥ ಏನು? ಆ ಅರ್ಥಕ್ಕೆ ಫೋಟೊದೊಳಗೇ ಆಧಾರ ಇದೆಯಾ, ಇಲ್ಲಾ ನನ್ನ ಊಹೆಯಾ? ಈ ಮೂರನ್ನು ಕಲಿಯೋಕೆ ದೊಡ್ಡ ಓದು ಬೇಡ. ನಮ್ಮೂರಿನ ಫೋಟೊಗಳನ್ನೇ ಇಟ್ಟುಕೊಂಡು ನೋಡೋಣ.

ಮೊದಲು ಕಂಡದ್ದನ್ನು ಹೇಳಿ: ಭರಚುಕ್ಕಿ

ಕ್ಯಾಲೆಂಡರಿನ ಜಲಪಾತ ತೋರಿಸಿ ಇದರಲ್ಲಿ ಏನಿದೆ ಅಂದ್ರೆ ಎಲ್ಲರೂ ಥಟ್ಟನೆ "ಚೆನ್ನಾಗಿದೆ" ಅಂತಾರೆ. ಅದು ತೀರ್ಪಾಯ್ತು, ವರ್ಣನೆ ಆಗಲಿಲ್ಲ. ವರ್ಣನೆ ಅಂದ್ರೆ ಫೋಟೊ ನೋಡದವರಿಗೆ ಫೋನಿನಲ್ಲಿ ಹೇಳಿದ ಹಾಗೆ ಇರಬೇಕು. ಬಂಡೆಗಳ ಅಗಲಕ್ಕೂ ಹತ್ತಾರು ಕವಲಾಗಿ ನೀರು ಬೀಳ್ತಿದೆ. ನೀರು ಬೆಳ್ಳಗೆ, ನಯವಾಗಿ, ಒಳ್ಳೆ ರೇಷ್ಮೆ ಸೀರೆ ಹರವಿದ ಹಾಗಿದೆ. ಒಂದು ಹನಿಯೂ ಬಿಡಿಯಾಗಿ ಕಾಣೋದಿಲ್ಲ. ಮನುಷ್ಯರು ಯಾರೂ ಇಲ್ಲ.

ಇಷ್ಟು ಹೇಳಿದ ಮೇಲೆ ಪ್ರಶ್ನೆಗಳು ತಾವಾಗೇ ಹುಟ್ಟುತ್ತವೆ. ನಾವು ಮೆಟ್ಟಿಲಿಳಿದು ಹೋಗಿ ಕಣ್ಣಾರೆ ನೋಡಿದ ನೀರು ಹೀಗೆ ರೇಷ್ಮೆ ಥರ ಇರಲಿಲ್ಲವಲ್ಲ? ಹೌದು. ಕ್ಯಾಮೆರಾದ ಬಾಗಿಲನ್ನು ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆರೆದಿಟ್ಟರೆ, ಅಷ್ಟು ಹೊತ್ತಿನಲ್ಲಿ ಬಿದ್ದ ನೀರೆಲ್ಲ ಒಂದರ ಮೇಲೊಂದು ಕೂತು ಹೀಗೆ ನಯವಾಗುತ್ತೆ. ಸೆಕೆಂಡಿನ ಸಾವಿರದಲ್ಲೊಂದು ಭಾಗ ಮಾತ್ರ ತೆರೆದರೆ ಒಂದೊಂದು ಹನಿಯೂ ಗಾಳಿಯಲ್ಲಿ ನಿಂತುಬಿಡುತ್ತೆ. ಮೊದಲನೆಯದು ಹೊಳೆಯನ್ನ ಶಾಂತ ದೇವತೆ ಮಾಡುತ್ತೆ, ಎರಡನೆಯದು ರಭಸದ ನೀರು ಮಾಡುತ್ತೆ. ಎರಡೂ ಸುಳ್ಳಲ್ಲ. ಆದರೆ ಎರಡೂ ಯಾರೋ ಒಬ್ಬರು ಮಾಡಿದ ಆಯ್ಕೆ.

ತಿಂಗಳೂ ಆಯ್ಕೆಯೇ. ಕ್ಯಾಲೆಂಡರಿನದು ಮುಂಗಾರಿನ ಭರಚುಕ್ಕಿ. ಅದನ್ನೇ ನಂಬಿ ಮಾರ್ಚ್ ತಿಂಗಳಲ್ಲಿ ಬಂದ ಪ್ರವಾಸಿಗರು ಬರೀ ಬಂಡೆ ನೋಡಿ ಮುಖ ಸಣ್ಣಗೆ ಮಾಡಿಕೊಂಡು ಹೋಗೋದು ನಮಗೆ ಗೊತ್ತು. 1902ರಿಂದ ಶಿವನಸಮುದ್ರದ ನೀರು ಕರೆಂಟಿಗೂ ದುಡೀತಿದೆ. ಮೊದಲು ಕೆಜಿಎಫ್ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಬೆಳಕು ಹೋಗಿದ್ದು ಇಲ್ಲಿಂದಲೇ. ಆ ನಾಲೆ, ಪೈಪು, ತಂತಿ ಯಾವುದೂ ಕ್ಯಾಲೆಂಡರಿನಲ್ಲಿ ಇರೋದಿಲ್ಲ. ವಿಮರ್ಶಕ ಒಳಗಿರೋದನ್ನ ನೋಡಿದಷ್ಟೇ ಗಮನ ಕೊಟ್ಟು ಚೌಕಟ್ಟಿನ ಹೊರಗೆ ಬಿಟ್ಟಿದ್ದನ್ನೂ ನೋಡ್ತಾನೆ.

ಕಾಲ ಕಳೆದಂತೆ ಫೋಟೊದ ಅರ್ಥವೇ ಬದಲಾಗೋದೂ ಉಂಟು. 1830ರ ದಶಕದ ವೆಸ್ಲಿ ಸೇತುವೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡವರು ಎಷ್ಟು ಜನವೋ. ಆಗ ಅದರಲ್ಲಿ ಮುಖ್ಯ ಇದ್ದದ್ದು ಮದುವೆ ಆದ ಹೊಸ ಜೋಡಿ, ಸೇತುವೆ ಬರೀ ಹಿನ್ನೆಲೆ. 2018ರ ಆಗಸ್ಟ್ ಪ್ರವಾಹದಲ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯ್ತು. ಈಗ ಅದೇ ಫೋಟೊದಲ್ಲಿ ಜೋಡಿಯ ಹಿಂದಿನ ಕಲ್ಲು ಕಂಬಗಳೇ ದಾಖಲೆ. ಫೋಟೊ ಒಂದಿಷ್ಟೂ ಬದಲಾಗಿಲ್ಲ, ನೋಡುವ ಕಣ್ಣು ಬದಲಾಗಿದೆ.

ಒಂದೇ ಕಾಡು, ಎರಡು ಫೋಟೊ

ಈಗ ಕಷ್ಟದ ಪಾಠಕ್ಕೆ ಬರೋಣ. ಹನೂರು ಕಡೆಯವರು ದೂರದ ಊರಿಗೆ ಹೋಗಿ ಊರ ಹೆಸರು ಹೇಳಿದರೆ ಎದುರಿಗಿದ್ದವರ ತಲೆಯಲ್ಲಿ ಮೂಡೋದು ಒಂದೇ ಫೋಟೊ. ದಪ್ಪ ಮೀಸೆ, ಕೈಯಲ್ಲಿ ಬಂದೂಕು, ಹಿಂದೆ ಕಾಡು. 1990ರ ದಶಕದಲ್ಲಿ ತಮಿಳಿನ ನಕ್ಕೀರನ್ ಪತ್ರಿಕೆಯವರು ಕಾಡಿನೊಳಗೆ ಹೋಗಿ ತಂದ ವೀರಪ್ಪನ್ ಚಿತ್ರಗಳು ದೇಶದ ತುಂಬ ಓಡಾಡಿದವು.

ಅವನ್ನು ವಿಮರ್ಶಕನ ಕಣ್ಣಲ್ಲಿ ನೋಡಿ. ಇವು ಕದ್ದು ತೆಗೆದವಲ್ಲ. ಅವನಿಗೆ ಗೊತ್ತಿದ್ದು, ಅವನು ಒಪ್ಪಿ, ಅವನು ಇರೋ ಜಾಗದಲ್ಲಿ ತೆಗೆದವು. ಮೀಸೆ ತಿರುವಿ, ಬಂದೂಕು ಹಿಡಿದು ಕ್ಯಾಮೆರಾಗೆ ನಿಂತದ್ದು ಅಂದ್ರೆ ತಾನು ಹೇಗೆ ಕಾಣಬೇಕು ಅಂತ ಅವನೇ ತೀರ್ಮಾನ ಮಾಡಿದ್ದ. ಹೆಚ್ಚೂಕಮ್ಮಿ ಸ್ಟುಡಿಯೊ ಫೋಟೊನೇ ಅದು, ಪರದೆಯ ಬದಲು ಕಾಡಿತ್ತು ಅಷ್ಟೇ. ಆ ಫೋಟೊ ಎಷ್ಟು ಗಟ್ಟಿಯಾಗಿ ಕೂತಿತ್ತು ಅಂದ್ರೆ, 2004ರ ಅಕ್ಟೋಬರ್ 18ರಂದು ಅವನು ಸತ್ತ ಮೇಲೆ ಬಂದ ಚಿತ್ರವನ್ನ ನಮ್ಮವರೇ ಅನೇಕರು ನಂಬಲಿಲ್ಲ. ಕಾರಣ, ಅದರಲ್ಲಿ ಮೀಸೆ ಕತ್ತರಿಸಿತ್ತು. ಮುಖಕ್ಕಿಂತ ಮೀಸೆಯೇ ಅವನ ಗುರುತಾಗಿತ್ತು.

ಅದೇ ಗೋಪಿನಾಥಂನಲ್ಲಿ ಇನ್ನೊಂದು ಫೋಟೊ ಇದೆ. ಅರಣ್ಯ ಅಧಿಕಾರಿ ಪಿ. ಶ್ರೀನಿವಾಸ್ ಅವರದು. ಊರಿಗೆ ಮನೆ, ಔಷಧಿ, ನೀರು ಅಂತ ಓಡಾಡಿದವರು. ಶರಣಾಗ್ತೀನಿ ಅನ್ನೋ ಮಾತು ನಂಬಿ ಹೋದ ಅವರನ್ನ 1991ರ ನವೆಂಬರ್ 10ರಂದು ವೀರಪ್ಪನ್ ಕೊಂದ. ಸರ್ಕಾರ ಮರಣೋತ್ತರ ಕೀರ್ತಿ ಚಕ್ರ ಕೊಟ್ಟಿತು. ಊರಿನವರು ಅವರ ಫೋಟೊವನ್ನ, ಅವರೇ ಮುಂದೆ ನಿಂತು ಕಟ್ಟಿಸಿದ ಮಾರಿಯಮ್ಮನ ಗುಡಿಯಲ್ಲಿ ದೇವರ ಜೊತೆ ಇಟ್ಟರು.

ಒಂದು ಫೋಟೊ ಪತ್ರಿಕೆ ಮುಖಪುಟಕ್ಕೆ ಹೋಯ್ತು, ಸಿನಿಮಾ ಪೋಸ್ಟರ್ ಆಯ್ತು. ಇನ್ನೊಂದು ಗುಡಿಗೆ ಹೋಯ್ತು. ಅದಕ್ಕೇ ವಿಮರ್ಶಕ "ಈ ಫೋಟೊ ಎಲ್ಲಿ ನೇತುಹಾಕಿದ್ದಾರೆ?" ಅಂತಲೂ ಕೇಳ್ತಾನೆ. ಅದೇ ಶ್ರೀನಿವಾಸ್ ಫೋಟೊ ಕಚೇರಿಯ ಕಡತದಲ್ಲಿದ್ದರೆ ಒಬ್ಬ ನೌಕರನ ಗುರುತು. ಗುಡಿಯಲ್ಲಿದ್ದರೆ ಒಂದು ಊರು ತೀರಿಸಿದ ಋಣ.

ಮೂರನೇ ಪ್ರಶ್ನೆ: ಯಾರ ಫೋಟೊ ಇಲ್ಲ? 1992ರ ಮೇ ತಿಂಗಳಲ್ಲಿ ರಾಮಾಪುರ ಠಾಣೆಯಲ್ಲಿ ಸತ್ತ ಪೊಲೀಸರು, ಅದೇ ಆಗಸ್ಟ್ 14ರಂದು ಮೀಣ್ಯಂ ಹತ್ತಿರ ಪ್ರಾಣ ಬಿಟ್ಟ ಹರಿಕೃಷ್ಣ, ಶಕೀಲ್ ಅಹ್ಮದ್ ಅವರ ಭಾವಚಿತ್ರಗಳಿಗೆ ಇಲಾಖೆಯವರು ಹೂವು ಇಡ್ತಾರೆ. ಆದರೆ ಎರಡೂ ಕಡೆಯ ನಡುವೆ ಸಿಕ್ಕಿ ನಲುಗಿದ ಕಾಡಂಚಿನ ಜನ? ಕಾರ್ಯಪಡೆ ಶಿಬಿರಗಳಲ್ಲಿ ಹಿಂಸೆ ಅನುಭವಿಸಿದ್ದಾಗಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಮುಂದೆ ಹೇಳಿಕೊಂಡವರು? ಅವರ ಮುಖ ದೇಶಕ್ಕೆ ಗೊತ್ತಿಲ್ಲ. ಆ ಕಾಲದ ಕಥೆಯನ್ನ ಒಂದು ಮೀಸೆಯ ಫೋಟೊ ಪೂರ್ತಿ ಆವರಿಸಿಕೊಂಡಿತು ಅಂದ್ರೆ ಅದರಲ್ಲಿ ನೋಡಿದವರ ಪಾಲೂ ಇದೆ.

ಹುಲಿ ಫೋಟೊದಲ್ಲಿ ಸೋಲಿಗರು ಯಾಕಿಲ್ಲ?

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತಿದರೆ ಇನ್ನೊಂದು ಬಗೆಯ ಫೋಟೊ ಸಿಗುತ್ತೆ. ಇಲ್ಲಿ ಹುಲಿ ಎಣಿಸೋಕೆ ಮರಕ್ಕೆ ಕ್ಯಾಮೆರಾ ಕಟ್ಟಿರ್ತಾರೆ. ಪ್ರಾಣಿ ಹಾದುಹೋದರೆ ಅದು ತಾನೇ ಕ್ಲಿಕ್ ಆಗುತ್ತೆ. ಫೋಟೊಗ್ರಾಫರ್ ಅಂತ ಅಲ್ಲಿ ಯಾರೂ ಇಲ್ಲ. ಹುಲಿಯ ಅರ್ಧ ಮೈ ಮಾತ್ರ ಬಂದಿರಬಹುದು, ತಲೆ ತಪ್ಪಿಹೋಗಿರಬಹುದು. ಕ್ಯಾಲೆಂಡರಿಗೆ ಬೇಡದ ಫೋಟೊ. ಆದರೆ ಅರಣ್ಯ ಇಲಾಖೆಗೆ ಅದೇ ಬೆಲೆಯುಳ್ಳದ್ದು, ಯಾಕಂದ್ರೆ ನಮ್ಮ ಬೆರಳಚ್ಚಿನ ಹಾಗೆ ಒಂದೊಂದು ಹುಲಿಯ ಪಟ್ಟೆಯೂ ಬೇರೆ ಬೇರೆ. ಎಡಮೈ, ಬಲಮೈ ಎರಡೂ ಬೇಕು ಅಂತ ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಡ್ತಾರೆ. ಹಾಗಾಗಿ "ಒಳ್ಳೆ ಫೋಟೊ" ಅನ್ನೋ ಮುಂಚೆ "ಯಾವ ಕೆಲಸಕ್ಕೆ?" ಅಂತ ಕೇಳಬೇಕು.

ಪ್ರವಾಸಿಗರು ತೆಗೆದ ಬೆಟ್ಟದ ಫೋಟೊಗಳಲ್ಲಿ ಮಂಜು, ಕಾಡೆಮ್ಮೆ, ಆನೆ ಇರುತ್ತೆ. ಮನುಷ್ಯರೇ ಇಲ್ಲದ ಕಾಡು ಅನ್ನಿಸುತ್ತೆ. ಆದರೆ ಅದು ಸೋಲಿಗರ ಪೋಡುಗಳಿರುವ ಕಾಡು. 2011ರಲ್ಲಿ ಬಿಆರ್‌ಟಿ ಹುಲಿ ಸಂರಕ್ಷಿತ ಪ್ರದೇಶ ಅಂತ ಆಯ್ತು, ಅದೇ ವರ್ಷ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕೂ ಸಿಕ್ಕಿತು. ಎರಡೂ ನಿಜ. ಫೋಟೊಗಳ ತುಂಬ ಮೊದಲನೆಯದು ಮಾತ್ರ ಇದ್ದರೆ ನೋಡಿದವರು "ಅಲ್ಲಿ ಜನ ಯಾಕೆ ಇರಬೇಕು?" ಅಂತ ಕೇಳೋದು ಸಹಜ ಆಗಿಬಿಡುತ್ತೆ.

ವಾಟ್ಸ್ಆ್ಯಪ್‌ನಲ್ಲಿ ಬಂದರೆ

ಈ ಕಣ್ಣು ದಿನನಿತ್ಯಕ್ಕೂ ಬೇಕು. "ಟಿಪ್ಪುವಿನ ಅಸಲಿ ಫೋಟೊ" ಅಂತ ಒಂದು ಚಿತ್ರ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತೆ. ಲೆಕ್ಕ ಹಾಕಿ. ಟಿಪ್ಪು ಸತ್ತದ್ದು 1799ರಲ್ಲಿ. ಫೋಟೊ ತೆಗೆಯುವ ವಿದ್ಯೆ ಪ್ಯಾರಿಸ್‌ನಲ್ಲಿ ಲೋಕಕ್ಕೆ ತಿಳಿದದ್ದು 1839ರಲ್ಲಿ. ಯಳಂದೂರನ್ನು 1807ರಲ್ಲಿ ಜಹಗೀರಾಗಿ ಪಡೆದ ದಿವಾನ್ ಪೂರ್ಣಯ್ಯನವರೂ 1812ರಲ್ಲೇ ತೀರಿಕೊಂಡರು. ಹಾಗಾಗಿ ಅವರದು ಥಾಮಸ್ ಹಿಕ್ಕಿ ಥರದ ಕಲಾವಿದರು ಬರೆದ ಚಿತ್ರ ಸಿಗಬಹುದೇ ಹೊರತು ಫೋಟೊ ಸಿಗೋಕೆ ಸಾಧ್ಯವೇ ಇಲ್ಲ.

ಅದೇ ರೀತಿ "ನಮ್ಮೂರಿನ ಹತ್ತಿರ ಚಿರತೆ" ಅಂತ ಫೋಟೊ ಬಂದರೆ ಚಿರತೆ ಬಿಟ್ಟು ಸುತ್ತ ನೋಡಿ. ಮಣ್ಣಿನ ಬಣ್ಣ ನಮ್ಮದಾ? ಬೋರ್ಡಿನ ಭಾಷೆ ಯಾವುದು? ಗಾಡಿ ನಂಬರ್ ಎಲ್ಲಿಯದು? ಬೇಲಿ, ಬೆಳೆ, ಮನೆಯ ಹೆಂಚು ನಮ್ಮ ಕಡೆಯವಾ? ಫಾರ್ವರ್ಡ್ ಮಾಡೋ ಮುಂಚೆ ಅರ್ಧ ನಿಮಿಷ ಸಾಕು.

ಮನೆಯ ಗೋಡೆಗೆ ವಾಪಸ್

ಕೊನೆಗೆ ನಿಮ್ಮದೇ ಮನೆಯ ಹಳೇ ಫೋಟೊ ಕೆಳಗಿಳಿಸಿ. ಅಜ್ಜ ಕುರ್ಚಿ ಮೇಲೆ, ಕೈ ಮೊಣಕಾಲ ಮೇಲೆ, ಮುಖದಲ್ಲಿ ನಗು ಇಲ್ಲ. ಅಜ್ಜ ಸಿಡುಕರು ಅಂತ ತೀರ್ಮಾನ ಬೇಡ. ಆಗ ಫೋಟೊ ಅಂದ್ರೆ ದುಡ್ಡು ಕೊಟ್ಟು, ಮಡಿಸಿಟ್ಟ ಕೋಟು ತೆಗೆದು, ಪೇಟೆಗೆ ಬಂದು, ಉಸಿರು ಹಿಡಿದು ಕೂರುವ ಕೆಲಸ. ಹಿಂದಿನ ಪರದೆ, ಹೂದಾನಿ, ಕುರ್ಚಿ ಸ್ಟುಡಿಯೊದವು. ಕೈಯಲ್ಲಿರೋ ವಾಚು ಮಾತ್ರ ಅವರದೇ ಇರಬಹುದು, ಅದಕ್ಕೇ ತೋಳು ಹಾಗೆ ಮುಂದಿಟ್ಟಿರಬಹುದು. "ಇರಬಹುದು" ಅನ್ನೋ ಪದ ವಿಮರ್ಶಕನಿಗೆ ಬಹಳ ಮುಖ್ಯ. ಫೋಟೊದ ಹಿಂಬದಿಗೆ ಕೊಯಮತ್ತೂರಿನ ಸ್ಟುಡಿಯೊ ಮುದ್ರೆ ಇದ್ದರೆ ಆಶ್ಚರ್ಯ ಬೇಡ. 1956ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು.

ಇನ್ನು ಅಜ್ಜಿ ಫೋಟೊ. ಎಷ್ಟೋ ಮನೆಗಳಲ್ಲಿ ಅದು ಇಲ್ಲವೇ ಇಲ್ಲ. ಇದ್ದರೂ 1993ರ ನಂತರ ಬಂದ ವೋಟಿನ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು, ಇಲ್ಲಾ ಯಾರದೋ ಮದುವೆ ಗ್ರೂಪ್ ಫೋಟೊದಿಂದ ಕತ್ತರಿಸಿದ್ದು. ಅಂಚಿನಲ್ಲಿ ನೋಡಿ, ಪಕ್ಕದವರ ಸೀರೆ ಸೆರಗೋ ಭುಜವೋ ಇನ್ನೂ ಉಳಿದಿರುತ್ತೆ. ಆ ಉಳಿದ ಭುಜ ಒಂದು ಕಥೆ ಹೇಳುತ್ತೆ: ಈಕೆಗೆ ಅಂತಲೇ ಯಾರೂ ಒಂದು ಫೋಟೊ ತೆಗೆಸಲಿಲ್ಲ.

ಫ್ರಾನ್ಸಿನ ರೋಲಾಂ ಬಾರ್ತ್ ಅನ್ನೋ ವಿಮರ್ಶಕ 1980ರಲ್ಲಿ ಫೋಟೊ ಬಗ್ಗೆ ಒಂದು ಪುಸ್ತಕ ತಂದ. ಫೋಟೊದಲ್ಲಿ ಎಲ್ಲರಿಗೂ ಅರ್ಥ ಆಗೋ ಸಂಗತಿ ಒಂದು, ನೋಡಿದವರನ್ನ ಸೂಜಿ ಥರ ಚುಚ್ಚುವ ಸಣ್ಣ ವಿವರ ಇನ್ನೊಂದು ಅಂತ ಅವನು ಬೇರೆ ಮಾಡಿದ. ತೀರಿಹೋದ ತನ್ನ ತಾಯಿ ಐದು ವರ್ಷದ ಹುಡುಗಿಯಾಗಿದ್ದಾಗಿನ ಫೋಟೊ ಬಗ್ಗೆ ಪುಟಗಟ್ಟಲೆ ಬರೆದ, ಆದರೆ ಆ ಫೋಟೊವನ್ನೇ ಪುಸ್ತಕದಲ್ಲಿ ಹಾಕಲಿಲ್ಲ. ನಿಮಗೆ ಅದು ಸಾವಿರ ಫೋಟೊಗಳಲ್ಲಿ ಒಂದು ಅಷ್ಟೇ ಅನ್ನೋದು ಅವನ ವಾದ. ಅಜ್ಜಿಯ ಪಕ್ಕ ಉಳಿದ ಭುಜವೂ ಅಂಥದ್ದೇ. ನಿಮಗೆ ಮಾತ್ರ ಚುಚ್ಚುತ್ತೆ.

ಆದರೆ ಚುಚ್ಚಬೇಕು ಅಂದ್ರೆ ಅದು ಯಾರು ಅಂತ ಗೊತ್ತಿರಬೇಕು. ಹೆಸರು ಬಲ್ಲ ಹಿರಿಯರು ಒಬ್ಬೊಬ್ಬರೇ ಹೋಗ್ತಿದ್ದಾರೆ. ಮನೆ ಸುಣ್ಣ ಬಣ್ಣ ಆದಾಗ, ಅಂಗಡಿ ಹೊಸದು ಮಾಡಿದಾಗ "ಇದ್ಯಾರೋ" ಅಂತ ಅಟ್ಟಕ್ಕೆ, ಅಲ್ಲಿಂದ ಗುಜರಿಗೆ ಹೋದ ಫೋಟೊಗಳಿಗೆ ಲೆಕ್ಕ ಇಲ್ಲ. ಈ ಭಾನುವಾರ ಒಂದು ಕೆಲಸ ಮಾಡಿ. ಹಿರಿಯರನ್ನ ಪಕ್ಕ ಕೂರಿಸಿಕೊಂಡು ಫೋಟೊ ತೋರಿಸಿ, ಎಡದಿಂದ ಬಲಕ್ಕೆ ಯಾರ್ಯಾರು ಅಂತ ಕೇಳಿ. ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಹಗುರವಾಗಿ ಬರೆಯಿರಿ: ಹೆಸರು, ಊರು, ಯಾವ ಸಂದರ್ಭ, ಸುಮಾರು ಯಾವ ವರ್ಷ. ಪೆನ್ನು ಬೇಡ, ಶಾಯಿ ಮುಂದಕ್ಕೆ ಇಳಿಯುತ್ತೆ. ಗಾಜಿಗೆ ಅಂಟಿಕೊಂಡಿದ್ದರೆ ಕೀಳೋಕೆ ಹೋಗಬೇಡಿ, ಹಾಗೇ ಮೊಬೈಲಿನಲ್ಲಿ ಒಂದು ಪ್ರತಿ ತೆಗೆದು ಹೆಸರು ಬರೆದಿಡಿ.