ಆರು ಚುಕ್ಕೆಯೋ, ಏಳು ಚುಕ್ಕೆಯೋ?

ಮಳೆ ಬಿತ್ತು ಅಂದ್ರೆ ಸಾಕು, ನಮ್ಮ ವಾಟ್ಸಾಪ್ ನಂಬರಿಗೆ ವೀಕ್ಷಕರು ಕಳಿಸುವ ಹುಳುಗಳ ಫೋಟೊ ಹರಿದು ಬರುತ್ತವೆ. ಅದರಲ್ಲಿ ಪದೇ ಪದೇ ಬರೋದು ಹಿತ್ತಲಲ್ಲಿ ಸಿಕ್ಕ ಒಂದು ಕಪ್ಪು ಜೀರುಂಡೆ, ಮೈಮೇಲೆ ಬಿಳಿ ಚುಕ್ಕೆ. ಜೊತೆಗೊಂದು ಪ್ರಶ್ನೆ: 'ಸಾರ್, ಇದು ಕಚ್ಚಿದ್ರೆ ಸಾಯ್ತಾರಂತೆ, ಹೌದಾ?'

ಇಲ್ಲ. ಸಾಯಲ್ಲ. ಆದರೆ ಕಣ್ಣು ಜೋಪಾನ.

ಮೊದಲು ಗುರುತು ಹಿಡಿಯೋಣ. ಸುಮಾರು 4 ಸೆಂ.ಮೀ. ಉದ್ದ, ಉದ್ದನೆಯ ಕಾಲು, ಮುಂದೆ ಇಕ್ಕಳದಂಥ ದವಡೆ. ಕತ್ತಿನ ಭಾಗದ ಮೇಲೆ ಎರಡು ಚುಕ್ಕೆ, ಬೆನ್ನಿನ ಮೇಲೆ ನಾಲ್ಕು, ಒಟ್ಟು ಆರು. 1775ರಲ್ಲಿ ಇದನ್ನು ವಿವರಿಸಿದ ಡೆನ್ಮಾರ್ಕಿನ ಫ್ಯಾಬ್ರಿಷಿಯಸ್ ಇಟ್ಟ ಹೆಸರಲ್ಲೂ ಈ ಲೆಕ್ಕವೇ ಇದೆ. ಇಂದಿನ ಪೂರ್ತಿ ಹೆಸರು ಆಂಥಿಯಾ ಸೆಕ್ಸ್‌ಗುಟಾಟ. ಲ್ಯಾಟಿನ್‌ನಲ್ಲಿ ಸೆಕ್ಸ್‌ ಅಂದ್ರೆ ಆರು, ಗುಟ್ಟಾ ಅಂದ್ರೆ ಹನಿ. ಇದಕ್ಕೆ ಹಾರಲು ಬರೋದಿಲ್ಲ. ನೆಲದ ಮೇಲೆ ಓಡಾಡಿ ಬೇರೆ ಹುಳುಗಳನ್ನು ಹಿಡಿದು ತಿನ್ನುತ್ತೆ. ನಿಮ್ಮ ಹೂಕುಂಡ, ತರಕಾರಿ ಗಿಡದ ತಂಟೆಗೆ ಬರೋದಲ್ಲ.

ಕೆಣಕಿದರೆ ಮಾತ್ರ ಹಿಂಭಾಗದಿಂದ ಆಮ್ಲ ಚಿಮ್ಮಿಸುತ್ತೆ. ಮಲೆನಾಡಿನವರು ಚಟ್ನಿ ಅರೆಯುವ ಚಗಳಿ ಇರುವೆಯ ಹುಳಿ ಇದೆಯಲ್ಲ, ಅದೇ ಫಾರ್ಮಿಕ್ ಆಮ್ಲ. ಚರ್ಮಕ್ಕೆ ಉರಿ, ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳು ಬಗ್ಗಿ ನೋಡೋದೇ ಮುಖ ಹತ್ತಿರ ಇಟ್ಟು, ಭಯ ಇರೋದು ಅಲ್ಲೇ. ಬಿದ್ದರೆ ಉಜ್ಜಬೇಡಿ, ಶುದ್ಧ ನೀರು ಸುರಿದು ತುಂಬಾ ಹೊತ್ತು ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.

ಈಗ ಮಜಾ ಕೇಳಿ. ಫೋಟೊದಲ್ಲಿ ಚುಕ್ಕೆ ಏಳಿದ್ದರೆ ಅದು ಜೀರುಂಡೆಯೇ ಅಲ್ಲ, ಜಿರಳೆ! ದಕ್ಷಿಣ ಭಾರತದ ಕುರುಚಲು ಕಾಡು, ತರಗೆಲೆಯ ನಡುವೆ ಬದುಕುವ ಜಾತಿ. ಅಡುಗೆಮನೆಯ ಜಿರಳೆ ಅಲ್ಲ. ಆಮ್ಲದ ರುಚಿ ಕಂಡ ಹಕ್ಕಿ ಕಪ್ಪು ಮೈ, ಬಿಳಿ ಚುಕ್ಕೆ ಕಂಡರೆ ದೂರ ಸರಿಯುತ್ತೆ. ಅದಕ್ಕೇ ಈ ಪಾಪದ ಜಿರಳೆ ಅದೇ ವೇಷ ತೊಟ್ಟಿದೆ ಅನ್ನೋದು ವಿಜ್ಞಾನಿಗಳ ಅಂದಾಜು. ಪೊಲೀಸ್ ಅಲ್ಲದವನು ಖಾಕಿ ಹಾಕ್ಕೊಂಡು ಓಡಾಡಿದ ಹಾಗೆ. ಚುಕ್ಕೆ ಎಣಿಸೋಕೆ ಆಗದಿದ್ದರೆ ಬೆನ್ನು ನೋಡಿ: ಜೀರುಂಡೆಯ ಬೆನ್ನಿನ ಮಧ್ಯೆ ನೇರ ಗೆರೆ, ಸಣ್ಣ ಕತ್ತು. ಜಿರಳೆ ಚಪ್ಪಟೆ, ದುಂಡಗೆ, ರೆಕ್ಕೆ ಒಂದರ ಮೇಲೊಂದು.

ಎರಡಕ್ಕೂ ಸ್ಪ್ರೇ ಬೇಡ, ಚಪ್ಪಲಿ ಬೇಡ. ಒಳಗೆ ಬಂದರೆ ಮೊರಕ್ಕೋ ರಟ್ಟಿಗೋ ಹತ್ತಿಸಿ ಹಿತ್ತಲಿಗೆ ಬಿಡಿ. ಕೈಯಲ್ಲಿ ಹಿಡೀಬೇಡಿ, ಫೋಟೊ ಬೇಕಿದ್ದರೆ ಜೂಮ್ ಮಾಡಿ ತೆಗೀರಿ.