ದ್ವೀಪಕ್ಕೆ ಹೊರಟವರ ಕೈಖರ್ಚು

ಹೊರದೇಶದಲ್ಲಿರುವ ಮಕ್ಕಳು ತಂದೆತಾಯಿಗಳನ್ನು ಕೆಲವು ತಿಂಗಳ ಮಟ್ಟಿಗೆ ಕರೆಯಿಸಿಕೊಂಡು, ತಮಗೆ ರಜೆ ಬಂದಾಗ ಅವರನ್ನೂ ಜೊತೆಯಲ್ಲಿ ಕೆರಿಬಿಯನ್ ಸಮುದ್ರದ ಯಾವುದಾದರೊಂದು ದ್ವೀಪಕ್ಕೆ ಕರೆದೊಯ್ಯುವ ವಾಡಿಕೆಯು ಈಚೆಗೆ ನಮ್ಮ ಸಂಸಾರಗಳಲ್ಲಿಯೂ ಕಾಣಿಸಿಕೊಂಡಿದೆ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ, ಮಕ್ಕಳನ್ನು ಇಂಜಿನಿಯರಿಂಗ್ ಓದಿಸಿ ಅಮೆರಿಕಕ್ಕೋ ಕೆನಡಕ್ಕೋ ಕಳುಹಿಸಿರುವ ಮನೆಗಳು ಅಪೂರ್ವವಲ್ಲ. ನ್ಯೂಯಾರ್ಕಿನಿಂದ ಬಾರ್ಬಡೋಸಿಗೆ ವಿಮಾನದಲ್ಲಿ ಐದು ಗಂಟೆಗಳೊಳಗಿನ ದಾರಿ. ಅಲ್ಲಿರುವ ಮಕ್ಕಳಿಗೆ ಅದು, ನಾವು ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಹೋಗಿ ಬಂದಷ್ಟೇ ಸಲೀಸು. ವಿಮಾನದ ಟಿಕೀಟು ಮಗನದು, ಬಿಡಾರದ ಬಾಡಿಗೆ ಅಳಿಯನದು. ಆದಕಾರಣ ಹಿರಿಯರು ತಮ್ಮ ಪಾಲಿಗೆ ಖರ್ಚೇ ಇಲ್ಲವೆಂದು ಭಾವಿಸಿ, ಬರಿಗೈಯಲ್ಲಿ ಹೊರಟುಬಿಡುತ್ತಾರೆ. ಕಷ್ಟವು ಮೊದಲಾಗುವುದು ಇಲ್ಲಿಂದಲೇ.

ನಾವು ಬಲ್ಲ ಒಂದು ಮನೆಯ ಸಂಗತಿಯನ್ನು ಹೇಳುತ್ತೇವೆ. ಯಜಮಾನರು ನಿವೃತ್ತರು, ಮನೆಯವರು ಮೂವತ್ತು ವರ್ಷ ದಿನಸಿಯ ಲೆಕ್ಕವನ್ನು ಒಂದು ದಿನವೂ ತಪ್ಪದೆ ಬರೆದವರು. ಹೊರಡುವ ಮುನ್ನ ಆಕೆ, "ರೀ, ನಮ್ಮದು ಅಂತ ಕೈಯಲ್ಲಿ ಒಂದಿಷ್ಟು ಇರಲಿ" ಎಂದುದಕ್ಕೆ ಯಜಮಾನರು, "ಮಗ ಇದ್ದಾನಲ್ಲ, ನಮಗೇಕೆ?" ಎಂದು ನಕ್ಕುಬಿಟ್ಟರಂತೆ. ದ್ವೀಪದಲ್ಲಿ ಎರಡನೆಯ ದಿನ ಮಗನೂ ಸೊಸೆಯೂ ಮೊಮ್ಮಕ್ಕಳನ್ನು ಕರೆದುಕೊಂಡು ನೀರಿಗಿಳಿದರು. ದಡದಲ್ಲಿ ಎಳನೀರು ಮಾರುವವನಿದ್ದ, ಬಿಸಿಲು ಬಲವಾಗಿತ್ತು. ಇವರಿಬ್ಬರ ಬಳಿಯಲ್ಲಿ ಒಂದು ಕಾಸೂ ಇರಲಿಲ್ಲ. ಕೇಳಿದ್ದರೆ ಮಗನು ಸಂತೋಷದಿಂದ ಕೊಡುತ್ತಿದ್ದ, ಅದರಲ್ಲಿ ಸಂದೇಹವಿಲ್ಲ. ಆದರೆ ಅರವತ್ತೈದು ವರ್ಷ ಕೊಟ್ಟೇ ಬಾಳಿದ ಕೈಯನ್ನು ಒಂದು ಎಳನೀರಿಗಾಗಿ ಚಾಚುವುದು ಸುಲಭವಲ್ಲ. ಅಂದಿನಿಂದ ಆ ತಾಯಿಯು ಊಟದ ಸಮಯದಲ್ಲಿ ದರದ ಪಟ್ಟಿಯ ಬಲಗಡೆಯ ಅಂಕಿಯನ್ನೇ ಮೊದಲು ನೋಡಿ, "ನನಗೆ ಹಸಿವಿಲ್ಲ" ಎನ್ನತೊಡಗಿದರು. ಮಗನು ತಾಯಿಗೆ ಮೈ ಸರಿಯಿಲ್ಲವೆಂದು ಬಗೆದ. ಸೊಸೆಯು, ತಾನು ಆರಿಸಿದ ಊಟ ಅತ್ತೆಗೆ ಸೇರಲಿಲ್ಲವೆಂದು ಮುಖ ಸಣ್ಣದು ಮಾಡಿಕೊಂಡಳು. ಏಳು ದಿನದ ವಿಹಾರದಲ್ಲಿ ಐದು ದಿನ ಹೀಗೆಯೇ ಕಳೆಯಿತು. ಮೂಲವಾದರೋ, ಕೈಯಲ್ಲಿ ಸ್ವಂತದ ಚಿಲ್ಲರೆ ಇಲ್ಲದಿದ್ದುದು.

ಆದಕಾರಣ ಕೈಖರ್ಚಿನ ಅಂದಾಜನ್ನು ಊರಿನಲ್ಲಿಯೇ ಮಾಡಿಕೊಂಡು ಹೋಗತಕ್ಕದ್ದು. ಅದಕ್ಕೆ ಮೊದಲು ಅಲ್ಲಿಯ ನಾಣ್ಯದ ವಿಚಾರವನ್ನು ತಿಳಿಯಬೇಕು. ಕೆರಿಬಿಯನ್ ಎಂಬುದು ಒಂದು ದೇಶವಲ್ಲ. ದ್ವೀಪದಿಂದ ದ್ವೀಪಕ್ಕೆ ಹಣ ಬೇರೆ. ಹೆಸರು ಮಾತ್ರ ಬಹುಕಡೆಗಳಲ್ಲಿ ಡಾಲರೇ. ಬಾರ್ಬಡೋಸಿನಲ್ಲಿ 1975ರಿಂದ ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕದ ಡಾಲರ್ ಎಂಬ ದರವು ಕದಲದೆ ನಿಂತಿದೆ. ಸೇಂಟ್ ಲೂಸಿಯಾ, ಗ್ರೆನಡಾ, ಡೊಮಿನಿಕಾ, ಆಂಟಿಗುವಾ ಮೊದಲಾದ ಎಂಟು ನಾಡುಗಳಿಗೆ ಪೂರ್ವ ಕೆರಿಬಿಯನ್ ಡಾಲರ್ ಎಂಬ ಒಂದೇ ಹಣ, 1976ರಿಂದ 2.70ಕ್ಕೆ ಒಂದು ಅಮೆರಿಕದ ಡಾಲರ್. ಬಹಾಮಾಸಿನಲ್ಲಿ ಒಂದಕ್ಕೆ ಒಂದು. ಜಮೈಕಾ, ಟ್ರಿನಿಡಾಡುಗಳ ಡಾಲರುಗಳಾದರೆ ಮತ್ತೂ ಬೇರೆ; ಅವುಗಳ ದರಕ್ಕೆ ಇಂಥ ಕಟ್ಟು ಇಲ್ಲ.

ಸೇಂಟ್ ಲೂಸಿಯಾದ ಹೆಸರು ನಮ್ಮ ಊರಿನವರಿಗೆ ಅಪರಿಚಿತವಲ್ಲ. ದಾವಣಗೆರೆಯ ವಿನಯ್ ಕುಮಾರ್ 2010ರ ಮೇ ತಿಂಗಳಲ್ಲಿ ಭಾರತದ ಪರವಾಗಿ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿದ್ದು ಆ ದ್ವೀಪದ ಗ್ರೋಸ್ ಐಲೆಟ್‌ನಲ್ಲಿಯೇ.

ಈ ಡಾಲರುಗಳ ಗೊಂದಲವು ಸಾಮಾನ್ಯವಲ್ಲ. ಬಹುತೇಕ ಪ್ರವಾಸಸ್ಥಳಗಳಲ್ಲಿ ಅಮೆರಿಕದ ನೋಟನ್ನೂ ತೆಗೆದುಕೊಳ್ಳುತ್ತಾರೆ. ಆದಕಾರಣ ಅಂಗಡಿಯವನು "ಇಪ್ಪತ್ತು ಡಾಲರ್" ಎಂದರೆ ಯಾವ ಡಾಲರ್ ಎಂದು ಕೇಳಿಯೇ ಕೊಡಬೇಕು. ಲೆಕ್ಕದ ಸೌಕರ್ಯಕ್ಕಾಗಿ ಅಮೆರಿಕದ ಒಂದು ಡಾಲರಿಗೆ 90 ರೂಪಾಯಿ ಎಂದು ಹಿಡಿಯೋಣ. ಹೊರಡುವ ದಿನದ ದರವನ್ನು ನೋಡಿ ವಾಚಕರು ತಿದ್ದಿಕೊಳ್ಳಲಿ. ಹಾಗೆ ಹಿಡಿದರೆ ಅಮೆರಿಕದ ಇಪ್ಪತ್ತು ಎಂದರೆ 1800 ರೂಪಾಯಿ. ಪೂರ್ವ ಕೆರಿಬಿಯನ್ ಇಪ್ಪತ್ತಾದರೆ 667 ರೂಪಾಯಿ. ಒಂದೇ ಮಾತು, ಎರಡರಷ್ಟಕ್ಕಿಂತ ಹೆಚ್ಚಿನ ಅಂತರ. ಬಾರ್ಬಡೋಸಿನ ಬಾಡಿಗೆ ಕಾರುಗಳಿಗೆ ಮೀಟರ್ ಇರುವುದಿಲ್ಲ. ಹತ್ತುವ ಮುಂಚೆಯೇ ದರವನ್ನೂ, ಯಾವ ಡಾಲರ್ ಎಂಬುದನ್ನೂ ಗೊತ್ತುಮಾಡಿಕೊಳ್ಳತಕ್ಕದ್ದು. ಇಳಿದ ಮೇಲೆ ಆಡುವ ಮಾತಿಗೆ ಬೆಲೆಯಿಲ್ಲ.

ಇನ್ನು ದಿನದ ಲೆಕ್ಕ. ಬಾರ್ಬಡೋಸನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಬಿಡಾರವೂ ಬೆಳಗಿನ ಉಪಾಹಾರವೂ ಮಕ್ಕಳ ಕಡೆಯವು. ರಾತ್ರಿಯ ಊಟ ಎಲ್ಲರೂ ಕೂಡಿ. ದಂಪತಿಗಳಿಗೆ ಉಳಿಯುವುದು ಮಧ್ಯಾಹ್ನದ ಊಟ, ಸಂಜೆಯ ಕುರುಕು, ಓಡಾಟ, ಅಕಸ್ಮಾತ್ ಬೇಕಾದ ಚಿಲ್ಲರೆ. ದ್ವೀಪದ ಬಸ್ಸುಗಳಲ್ಲಿ ದೂರವೆಷ್ಟೇ ಇರಲಿ ದರ ಒಂದೇ. 2019ರಲ್ಲಿ ಅದು 2 ಡಾಲರಿನಿಂದ 3.50ಕ್ಕೆ ಏರಿತು. ಸರಕಾರದ ನೀಲಿ ಬಸ್ಸು, ಖಾಸಗಿಯವರ ಹಳದಿ ಬಸ್ಸು, ಬಿಳಿಯ ಸಣ್ಣ ವ್ಯಾನು ಎಂದು ಮೂರು ಬಗೆ. ಇಬ್ಬರು ಹೋಗಿ ಬರಲು ಆ ನಾಣ್ಯದಲ್ಲಿ 14 ಡಾಲರ್, ನಮ್ಮ 630 ರೂಪಾಯಿ. ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ಹರಿಹರೇಶ್ವರನ ದರ್ಶನ ಮಾಡಿ ಬರುವ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಇದು ಎದೆ ಝಲ್ಲೆನಿಸಬಹುದು. ಆದರೆ ಬಾಡಿಗೆ ಕಾರಿನ ಮುಂದೆ ಇದು ಅಗ್ಗ; ಮೇಲಾಗಿ ಊರಿನ ಜನರ ನಡುವೆ ಕುಳಿತು ಊರನ್ನು ನೋಡುವ ಸುಖವು ಕಾರಿನಲ್ಲಿಲ್ಲ.

ಮಧ್ಯಾಹ್ನದ ಊಟಕ್ಕೆ 50, ಸಂಜೆಗೆ 20, ಬಸ್ಸಿಗೆ 14, ಚಿಲ್ಲರೆಗೆ 16. ಒಟ್ಟು ದಿನಕ್ಕೆ ನೂರು ಬಾರ್ಬಡೋಸ್ ಡಾಲರ್, ಅಂದರೆ 4500 ರೂಪಾಯಿ. ಇದು ಅಲ್ಲಿಯ ದರಪಟ್ಟಿಯಲ್ಲ, ನಾವು ಹಾಕಿಕೊಟ್ಟ ಅಳತೆ. ಮದ್ಯಮಾಂಸಗಳ ಗೊಡವೆಯಿಲ್ಲದ, ಸಣ್ಣ ಹೋಟೆಲುಗಳಲ್ಲಿ ಉಣ್ಣಲು ಸಂಕೋಚಪಡದ ದಂಪತಿಗಳಿಗೆ ಇದು ಸಾಕಾಗುತ್ತದೆ. ಸಮುದ್ರಕ್ಕೆ ಮುಖಮಾಡಿದ ದೊಡ್ಡ ಹೋಟೆಲಿನಲ್ಲಿ ಎರಡು ಹೊತ್ತು ಕುಳಿತರೆ ಖಂಡಿತ ಸಾಲದು. ಕುಡಿಯುವ ನೀರಿಗೆ ನಾವು ಏನನ್ನೂ ಇಟ್ಟಿಲ್ಲ. ಬಾರ್ಬಡೋಸಿನ ನೆಲವು ಸುಣ್ಣಕಲ್ಲಿನದು. ಅದರೊಳಗೆ ಇಳಿದು ಸೋಸಿ ಬರುವ ನೀರು, ನಲ್ಲಿಯಿಂದ ಹಿಡಿದೇ ಕುಡಿಯುವಂಥದು. ಮನೆಯಿಂದ ಎರಡು ಸ್ಟೀಲಿನ ಬಾಟಲಿಗಳನ್ನು ಒಯ್ದರೆ ಆಯಿತು. ಸಮುದ್ರದ ದಡಕ್ಕೂ ಕಾಸಿಲ್ಲ. ಆ ದ್ವೀಪದಲ್ಲಿ ದಡವೆಲ್ಲ ಸಾರ್ವಜನಿಕರದು. ಒರಗುವ ಕುರ್ಚಿ, ಕೊಡೆಗಳಿಗೆ ಮಾತ್ರ ಬಾಡಿಗೆ ಕೇಳುತ್ತಾರೆ. ಹಳೆಯ ಜಮಖಾನೆಯೊಂದು ಅದನ್ನು ಉಳಿಸುತ್ತದೆ.

ಊಟದ ವಿಷಯದಲ್ಲಿ ನಮ್ಮವರಿಗೆ ಇರುವ ಭಯವನ್ನು ಬಲ್ಲೆವು. ಆದರೆ ಆ ದ್ವೀಪಗಳಿಗೆ ಕಡಲೆಕಾಳೂ ರೊಟ್ಟಿಯೂ ಹೊಸವಲ್ಲ. ಕಬ್ಬಿನ ತೋಟಗಳಲ್ಲಿ ದುಡಿಯಲು ಒಪ್ಪಂದದ ಮೇಲೆ ನಮ್ಮ ದೇಶದಿಂದ ಕೂಲಿಗಳನ್ನು ಒಯ್ದ ಫಟೆಲ್ ರಜಾಕ್ ಎಂಬ ಹಡಗು 1845ರ ಮೇ 30ರಂದು ಟ್ರಿನಿಡಾಡನ್ನು ಮುಟ್ಟಿತು. ಆ ಜನರ ಮಕ್ಕಳು ಮೊಮ್ಮಕ್ಕಳ ಕೈಯಲ್ಲಿ ಬೆಳೆದ ತಿಂಡಿಯೇ ಇಂದು ಡಬಲ್ಸ್ ಎಂದು ಹೆಸರಾಗಿದೆ: ಅರಿಸಿನ ಹಾಕಿ ಕರಿದ ಎರಡು ಮೆತ್ತನೆಯ ಬಾರಾಗಳ ನಡುವೆ ಕಡಲೆಕಾಳಿನ ಗೊಜ್ಜು, ಮೇಲೆ ಹುಣಿಸೆಯ ಚಟ್ನಿ. ನಮ್ಮ ಮಂಡಕ್ಕಿ ಮೆಣಸಿನಕಾಯಿಯಂತೆ ಬೀದಿಯಲ್ಲಿ ನಿಂತು ತಿನ್ನತಕ್ಕದ್ದು, ಬೆಲೆಯೂ ಬೀದಿಯದೇ. ಬೇಳೆಯನ್ನು ಒಳಗಿಟ್ಟು ಲಟ್ಟಿಸಿದ ರೊಟ್ಟಿಯು ನಮ್ಮ ಹೋಳಿಗೆಯ ಉಪ್ಪಿನ ತಂಗಿ ಎನ್ನಬಹುದು. ಇಂಥ ರೊಟ್ಟಿಯ ಅಂಗಡಿಗಳು ಬಾರ್ಬಡೋಸಿನಲ್ಲಿಯೂ ಉಂಟು. ಅಕ್ಕಿ ಮತ್ತು ಕಾಳಿನ ಅನ್ನವನ್ನು ಮಾತ್ರ ವಿಚಾರಿಸದೆ ತಿನ್ನಬಾರದು. ಅದರಲ್ಲಿ ಕೆಲವರು ಮಾಂಸದ ತುಂಡು ಹಾಕಿ ಬೇಯಿಸುತ್ತಾರೆ.

ಬಿಲ್ಲು ಬಂದಾಗ ಕೊನೆಯ ಸಾಲನ್ನು ನೋಡುವುದು ಸಾಲದು, ನಡುವಣ ಸಾಲುಗಳನ್ನೂ ನೋಡಬೇಕು. ಬಾರ್ಬಡೋಸಿನಲ್ಲಿ ಮಾರಾಟದ ಮೇಲಿನ ತೆರಿಗೆಯು 2010ರ ಡಿಸೆಂಬರಿನಲ್ಲಿ ನೂರಕ್ಕೆ 15ರಿಂದ 17.5ಕ್ಕೆ ಏರಿತು. ಪಟ್ಟಿಯಲ್ಲಿನ ದರದಲ್ಲಿ ಅದು ಸೇರಿದೆಯೇ ಎಂದು ಮೊದಲೇ ಕೇಳಬೇಕು. ಬಹಳ ಹೋಟೆಲುಗಳಲ್ಲಿ ಸೇವೆಯ ಶುಲ್ಕವೆಂದು ನೂರಕ್ಕೆ ಹತ್ತರಷ್ಟನ್ನು ತಾವೇ ಸೇರಿಸುತ್ತಾರೆ. ಹಾಗೆ ಸೇರಿಸಿದ ಮೇಲೆ ಮತ್ತೆ ತಟ್ಟೆಯಲ್ಲಿ ಇನಾಮು ಇಡಬೇಕೆಂಬ ಕಟ್ಟಳೆಯಿಲ್ಲ. ನಮ್ಮವರು ಮಾನಕ್ಕಂಜಿ ಎರಡೂ ಕಡೆ ಕೊಟ್ಟು ಬರುತ್ತಾರೆ.

ದಿನಕ್ಕೆ ನೂರರಂತೆ ಏಳು ದಿನಕ್ಕೆ ಏಳುನೂರು. ಅಮೆರಿಕದ ಹಣದಲ್ಲಿ 350. ಇದರ ಮೇಲೆ ಆಪತ್ತಿಗೆಂದು ಎರಡು ದಿನದ ಖರ್ಚನ್ನು, ಎಂದರೆ 100 ಡಾಲರನ್ನು, ಬೇರೆಯಾಗಿ ಕಟ್ಟಿಡಬೇಕೆಂದು ನಾವು ಹೇಳುತ್ತೇವೆ. ಇದು ವೃಥಾ ಭಯವಲ್ಲ. ಆ ಸಮುದ್ರದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಬಿಡಾರಗಳು ಅಗ್ಗವಾಗುವುದೂ ಆ ಕಾಲದಲ್ಲಿಯೇ. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ವಿಶ್ವಕಪ್ಪನ್ನು ಗೆದ್ದ ಭಾರತದ ತಂಡವು, ನಮ್ಮ ರಾಹುಲ್ ದ್ರಾವಿಡರೂ ಸೇರಿದಂತೆ, ಬೆರಿಲ್ ಎಂಬ ಚಂಡಮಾರುತದ ದೆಸೆಯಿಂದ ಅಲ್ಲಿಯೇ ಸಿಕ್ಕಿಕೊಂಡು, ವಿಶೇಷ ವಿಮಾನದಲ್ಲಿ ಹೊರಟು ದೆಹಲಿಯನ್ನು ಸೇರಿದುದು ಜುಲೈ 4ರಂದು. ಅವರಿಗೆ ವಿಶೇಷ ವಿಮಾನ ಬಂದಿತು, ನಮಗೆ ಬಾರದು.

ಉಡುಗೊರೆಗಳಿಗೆ 50 ಡಾಲರ್ ಸಾಕು. ಈ ವಿಷಯದಲ್ಲಿ ಹೆಂಗಸರೊಡನೆ ವಾದಿಸುವ ಧೈರ್ಯ ನಮಗಿಲ್ಲ. ಆದರೂ ಬೀಗರು, ನಾದಿನಿಯರು, ಎದುರುಮನೆಯವರು ಎಂದು ಪಟ್ಟಿಯನ್ನು ದಾವಣಗೆರೆಯಲ್ಲಿಯೇ ಬರೆದು ಮುಗಿಸಿಕೊಂಡರೆ ಅಲ್ಲಿ ಅದು ಬೆಳೆಯುವುದಿಲ್ಲ. ಗ್ರೆನಡಾಕ್ಕೆ ಹೋದವರು ಜಾಯಿಕಾಯಿಯನ್ನು ಹೊತ್ತು ತರುವುದುಂಟು. ಆ ದೇಶವು ತನ್ನ ಬಾವುಟದಲ್ಲಿಯೇ ಜಾಯಿಕಾಯಿಯನ್ನು ಚಿತ್ರಿಸಿಕೊಂಡಿರುವುದು ನಿಜ. ಆದರೆ ಶಿರಸಿಯ ಸೀಮೆಯ ತೋಟಗಳಲ್ಲಿಯೂ ಬೆಳೆಯುವ ಪದಾರ್ಥವನ್ನು ಏಳು ಸಮುದ್ರದಾಚೆಯಿಂದ ತರಬೇಕೇ ಎಂಬುದು ವಿಚಾರಿಸತಕ್ಕ ಮಾತು. ದಡದ ಹವಳವನ್ನೂ ದೊಡ್ಡ ಶಂಖಗಳನ್ನೂ ಆರಿಸಿ ಪೆಟ್ಟಿಗೆಯಲ್ಲಿಡಬಾರದು. ಅವನ್ನು ದೇಶದಿಂದ ಹೊರಕ್ಕೆ ಒಯ್ಯಲು ನಿರ್ಬಂಧಗಳಿವೆ.

ಹೀಗೆ ಒಟ್ಟು 500 ಡಾಲರ್, ನಾವು ಹಿಡಿದ ದರದಲ್ಲಿ 45,000 ರೂಪಾಯಿ. ಒಮ್ಮೆಗೇ ಕೇಳಿದರೆ ದೊಡ್ಡದೆನಿಸುತ್ತದೆ. ಹೊರಡುವುದಕ್ಕೆ ಒಂದು ವರ್ಷ ಮೊದಲೇ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ತಿಂಗಳಿಗೆ 3750ರಂತೆ ಕೂಡಿಸುತ್ತ ಬಂದರೆ, ಪಿಂಚಣಿಯವರ ಮನೆಯಲ್ಲಿಯೂ ಹಾಲು ಮೊಸರಿಗೆ ಕೊರತೆಯಾಗದೆ ಒದಗುತ್ತದೆ. ಅಷ್ಟೂ ಆಗದವರು ಅರ್ಧವನ್ನಾದರೂ ಕೂಡಿಸಿಕೊಂಡು ಸಂಜೆಯ ಖರ್ಚನ್ನೂ ಬಸ್ಸನ್ನೂ ಮಾತ್ರ ತಮ್ಮದಾಗಿಸಿಕೊಳ್ಳಲಿ. ಬರಿಗೈಗಿಂತ ಅದು ಎಷ್ಟೋ ಮೇಲು.

ನೋಟುಗಳನ್ನು ಅಧಿಕೃತ ವಿನಿಮಯದವರಿಂದಲೇ ಕೊಳ್ಳತಕ್ಕದ್ದು. ಈ ದ್ವೀಪಗಳಂಥ ದೇಶಗಳಿಗೆ ಹೊರಟವರು ಒಂದು ಪ್ರಯಾಣಕ್ಕೆ ತಲೆಗೆ 3000 ಡಾಲರಿನವರೆಗೆ ನೋಟುಗಳಲ್ಲಿ ಒಯ್ಯಬಹುದು. ನಮ್ಮ ಮೊತ್ತ ಅದರೊಳಗೆ ಧಾರಾಳವಾಗಿ ಅಡಗುತ್ತದೆ. ಒಂದು, ಐದು, ಹತ್ತು, ಇಪ್ಪತ್ತರ ನೋಟುಗಳನ್ನೇ ಕೇಳಿ ಪಡೆಯಬೇಕು. ನೂರರ ನೋಟನ್ನು ಎಳನೀರಿನವನ ಮುಂದೆ ಹಿಡಿದರೆ ಪ್ರಯೋಜನವಿಲ್ಲ. ಕಾರ್ಡಿನಿಂದ ಕೊಡುವವರು, ಯಂತ್ರವು "ರೂಪಾಯಿಗಳಲ್ಲಿ ಕೊಡುವಿರಾ?" ಎಂದು ಕೇಳಿದಾಗ ಒಪ್ಪಬಾರದು, ಅದರಲ್ಲಿ ದರವನ್ನು ಕಟ್ಟುವವನು ಅವನೇ. ಅಲ್ಲಿಯ ಹಣದಲ್ಲಿಯೇ ಕೊಡತಕ್ಕದ್ದು.

ಹಣವನ್ನು ಇಡುವ ಬಗೆಯಲ್ಲಿ ನಮ್ಮ ಅಭಿಪ್ರಾಯ ಹೀಗಿದೆ. ಏಳು ಲಕೋಟೆಗಳನ್ನು ಮಾಡಿ, ಒಂದೊಂದರ ಮೇಲೂ ವಾರದ ಹೆಸರನ್ನು ಬರೆದು, ಪ್ರತಿಯೊಂದರಲ್ಲಿಯೂ 50 ಡಾಲರ್ ಇಡುವುದು. ಬೆಳಿಗ್ಗೆ ಒಂದನ್ನು ಒಡೆದು ಗಂಡಹೆಂಡಿರು ಅರ್ಧರ್ಧ ಹಂಚಿಕೊಳ್ಳಬೇಕು. ಎಲ್ಲವೂ ಯಜಮಾನರ ಜೇಬಿನಲ್ಲಿದ್ದರೆ ಮನೆಯವರು ಮಗನ ಬದಲು ಗಂಡನ ಮುಂದೆ ಕೈಯೊಡ್ಡಿದಂತಾಯಿತಷ್ಟೇ ಹೊರತು ಬೇರೇನೂ ಅಲ್ಲ. ಸಂಜೆ ಮಿಕ್ಕದ್ದನ್ನು ಮರುದಿನದ ಲಕೋಟೆಗೆ ಸೇರಿಸುವುದು. ಮರುದಿನದ್ದನ್ನು ಇಂದು ಒಡೆಯಕೂಡದು. ಹೀಗೆ ಮಾಡಿಕೊಂಡವರು ಪ್ರತಿಯೊಂದು ಲೋಟ ಕಾಫಿಯನ್ನೂ ತೊಂಬತ್ತರಿಂದ ಗುಣಿಸುತ್ತ ಕೂಡಬೇಕಾಗಿಲ್ಲ. ಗುಣಾಕಾರವು ಬಡಾವಣೆಯ ಮನೆಯಲ್ಲಿಯೇ ಒಂದು ಸಲ ಮುಗಿದಿದೆ.

ಮೇಲೆ ಹೇಳಿದ ದಂಪತಿಗಳು ಎರಡನೆಯ ಸಲ ಹೋದಾಗ ಹೀಗೆಯೇ ಲಕೋಟೆಗಳನ್ನು ಕಟ್ಟಿಕೊಂಡು ಹೋದರು. ನಾಲ್ಕು ದಿನಗಳಲ್ಲಿ ಉಳಿದ ಚಿಲ್ಲರೆಯನ್ನು ಕೂಡಿಹಾಕಿ, ಐದನೆಯ ದಿನ ಮಧ್ಯಾಹ್ನ ಮಕ್ಕಳು ಮೊಮ್ಮಕ್ಕಳನ್ನೆಲ್ಲ ರೊಟ್ಟಿಯ ಅಂಗಡಿಗೆ ಕರೆದೊಯ್ದರು. ಮಗನು ಕಾರ್ಡು ತೆಗೆಯುವಷ್ಟರಲ್ಲಿ ತಾಯಿಯು ಪರ್ಸನ್ನು ಬಿಚ್ಚಿ, "ಸುಮ್ಮನಿರಪ್ಪ, ಇವತ್ತಿನ ಊಟ ನಮ್ಮದು" ಎಂದರಂತೆ. ಆ ದಿನ ಆಕೆ ಎರಡು ರೊಟ್ಟಿ ತಿಂದರೆಂದು ಯಜಮಾನರೇ ನಮಗೆ ಹೇಳಿದರು.

ಹಿಂದಿರುಗುವಾಗ ದ್ವೀಪದ ನೋಟುಗಳನ್ನು ಅಲ್ಲಿಯೇ ಮುಗಿಸಿ ಬರಬೇಕು; ನಮ್ಮ ಊರಿನಲ್ಲಿ ಅವನ್ನು ಕೇಳುವವರಿಲ್ಲ. ಮಿಕ್ಕ ಅಮೆರಿಕದ ಡಾಲರುಗಳಲ್ಲಿ 2000ದವರೆಗೆ ಮನೆಯಲ್ಲಿಟ್ಟುಕೊಳ್ಳಬಹುದು. ಅದಕ್ಕೆ ಮೇಲ್ಪಟ್ಟದ್ದನ್ನು ಬಂದ 180 ದಿನಗಳೊಳಗೆ ಒಪ್ಪಿಸತಕ್ಕದ್ದು. ನಾಣ್ಯಗಳಿಗೆ ಈ ತೊಂದರೆಯಿಲ್ಲ. ಬಾರ್ಬಡೋಸಿನ ಒಂದು ಡಾಲರಿನ ನಾಣ್ಯವು ಏಳು ಮೂಲೆಯದು, ಮೇಲೆ ಹಾರುವ ಮೀನಿನ ಚಿತ್ರ. ಎದುರುಮನೆಯ ಮಕ್ಕಳಿಗೆ ಉಡುಗೊರೆಯ ಪಟ್ಟಿಯಲ್ಲಿ ಇದಕ್ಕಿಂತ ಅಗ್ಗದ್ದು ಬೇರೆ ದೊರೆಯದು.